ತಗೊಂಡೆ ಅಂದರೆ ನುಂಗಿದೆ ಅಂತಲ್ಲ

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಸಿಕ್ಕಾಗ ನನ್ನನ್ನು ಹೆಚ್ಚಾಗಿ ಸೂಜಿಯ ಬಗ್ಗೆಯೇ ಕೇಳುತ್ತಾರೆ. ನರ ಸಿಗದಿದ್ದರೆ ಏನು ಮಾಡುತ್ತಿದ್ದಿರಿ, ಕೂಸು ಕೈ ಕಿತ್ತುಕೊಂಡರೆ ಹೇಗೆ ಹಿಡಿಯುತ್ತಿದ್ದಿರಿ ಎಂದು. ಸೂಜಿ ಹಾಕುವುದನ್ನು ಯಾರು ಬೇಕಾದರೂ ಕಲಿಯಬಹುದು ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಏನು ಮಾಡಲಿ, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ನನಗೆ ವರ್ಷಗಟ್ಟಲೆ ಹಿಡಿದದ್ದು ಬೇರೆಯೇ ಒಂದು ವಿದ್ಯೆ. ರೋಗಿಗೆ ಒಂದು ಪ್ರಶ್ನೆ ಕೇಳುವುದು, ಕೇಳಿ ಬಂದ ಉತ್ತರದ ಅರ್ಥ ತಿಳಿಯುವುದು.

ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈ ಮೂರು ಊರುಗಳ ಸರಕಾರಿ ದವಾಖಾನೆಗಳಲ್ಲಿ ನನ್ನ ನೌಕರಿ ಕಳೆಯಿತು. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ. ಎದೆಯ ರೋಗದವರು, ಬಿ.ಪಿ. ಇದ್ದವರು, ಅಂದರೆ ಇಂದು ಬಂದು ನಾಳೆ ಗುಣವಾಗಿ ಹೋಗದ, ಜೀವ ಇರುವ ತನಕ ಗುಳಿಗೆ ನುಂಗಬೇಕಾದ ಜನ ನನಗೆ ಕಲಿಸಿದ್ದನ್ನಷ್ಟೇ ಬರೆಯುತ್ತೇನೆ. ನನ್ನ ಮೇಲೆ ಅವರ ಉಪಕಾರ ದೊಡ್ಡದು.

ನಾವು ಜಹೀರಾಬಾದಿನ ಕಡೆಯ, ಊರ ಹೊರಗಿನ ಕೇರಿಯ ಬೌದ್ಧರು. ಅಪ್ಪ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ. ಮಗಳು ಹೈದರಾಬಾದಿಗೆ ಹೋಗಿ ನರ್ಸ್ ತರಬೇತಿ ಮುಗಿಸಿ ಬಿಳಿ ಸೀರೆ ಉಟ್ಟು ಬಂದಾಗ, ಅಪ್ಪ ನನ್ನ ಎದುರು ಕೂರಲಿಕ್ಕೆ ಸಂಕೋಚಪಟ್ಟಿದ್ದ. ಆಂಧ್ರ ಪ್ರದೇಶವಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಮೇಲಿನ ಆಫೀಸಿನಿಂದ ಬರುವ ಮಾತು ತೆಲುಗು, ಡಾಕ್ಟರ್ ಆಡುವುದು ಉರ್ದು, ಔಷಧದ ಚೀಟಿ ಇಂಗ್ಲಿಷು, ಹಳ್ಳಿಯಿಂದ ಬರುವ ರೋಗಿಯ ಬಾಯಲ್ಲಿ ಕನ್ನಡ. ನಾಲ್ಕೂ ಬಲ್ಲವಳು ನಾನೊಬ್ಬಳೇ ಆದ್ದರಿಂದ ಎಲ್ಲ ಮಾತೂ ನನ್ನ ಮೂಲಕವೇ ಹಾಯಬೇಕಿತ್ತು. ಕೆಲವರು ನನ್ನ ಕೈಯಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದರು, ನೀರು ಮಾತ್ರ ತಮ್ಮ ತಂಬಿಗೆಯದೇ ಕುಡಿಯುತ್ತಿದ್ದರು. ಅದು ನನಗೆ ತಟ್ಟಲಿಲ್ಲ ಅಂದರೆ ಸುಳ್ಳಾಗುತ್ತದೆ. ತಟ್ಟಿತು. ಆದರೆ ಕೆಲಸ ಬಿಟ್ಟು ಓಡುವ ಜಾತಿಯವಳಲ್ಲ ನಾನು.

ಆ ಕಾಲದಲ್ಲಿ ಬಿ.ಪಿ. ನೋಡುವ ಯಂತ್ರ ಕಟ್ಟಿಗೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಡಾಕ್ಟರ್ ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ನರ್ಸ್ ಆದವಳು ಪೆಟ್ಟಿಗೆ ಹೊತ್ತು ತಂದು ಇಡಬೇಕು, ಮುಗಿದ ಮೇಲೆ ಹೊತ್ತು ಒಯ್ಯಬೇಕು, ಅಷ್ಟೇ. ಜಹೀರಾಬಾದಿನಲ್ಲಿ ವೀರಭದ್ರಪ್ಪ ಎನ್ನುವ ಬಟ್ಟೆ ಅಂಗಡಿಯವರಿಗೆ ಈ ಯಂತ್ರದ ಮೇಲೆ ಬಹಳ ಭಕ್ತಿ. ತೋಳಿಗೆ ಸುತ್ತುವ ಪಟ್ಟಿಯೇ ಔಷಧ ಎಂದು ಅವರು ತಿಳಿದಿದ್ದರು.

“ಜರಾ ಪಟ್ಟಾ ಕಟ್ಟಸ್ರಿ ನರ್ಸಬಾಯಿ, ಗಾಳಿ ಹೊಡಸ್ರಿ. ತಲಿ ಹಗೂರ ಆಗ್ತದ,” ಎಂದು ವಾರಕ್ಕೊಮ್ಮೆ ಬಂದು ಕೂರುತ್ತಿದ್ದರು.

“ಗುಳಿಗಿ ಏನ್ ಮಾಡಿದ್ರಿ ಅಪ್ಪಾರ?”

“ಈಗ ಆರಾಮ ಅದ. ಆರಾಮ ಇದ್ದಾಂವಗ ಗುಳಿಗಿ ಯಾಕ ಬೇಕ್ರಿ?”

ನಮ್ಮ ಮಾತಿನಲ್ಲಿ ಆರಾಮ ಅಂದರೆ ಆರೋಗ್ಯ. ಆರಾಮ ಇಲ್ಲ ಅಂದರೆ ಕಾಯಿಲೆ. ತಲೆ ಸಿಡಿಯುವಾಗ ಆರಾಮ ಇಲ್ಲ, ಸಿಡಿತ ನಿಂತರೆ ಆರಾಮ ಆತು, ಗುಳಿಗೆ ಬಂದ್. ಏನೂ ಅನಿಸದೇ ಒಳಗೊಳಗೇ ಇರುವ ಕಾಯಿಲೆಗೆ ನಮ್ಮ ಮಾತಿನಲ್ಲಿ ಜಾಗವೇ ಇರಲಿಲ್ಲ. ಡಾಕ್ಟರ್ ಉರ್ದುವಿನಲ್ಲಿ ಬೈದದ್ದನ್ನು ನಾನು ಕನ್ನಡದಲ್ಲಿ ಇನ್ನಷ್ಟು ಖಾರ ಹಾಕಿ ಬೈದೆ. ಉಪಯೋಗವಾಗಲಿಲ್ಲ. ಒಂದು ದಿನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದಾಗಲೇ ಗಜಕಡ್ಡಿ ಕೈಯಿಂದ ಜಾರಿತು. ಲಕ್ವಾ ಹೊಡೆದಿತ್ತು. ಜೀವ ಉಳಿಯಿತು, ಬಲಗೈ ಪೂರ್ತಿ ತಿರುಗಿ ಬರಲಿಲ್ಲ. ಆಮೇಲೆ ಗಿರಾಕಿಗಳಿಗೆಲ್ಲ ಆ ಕೈ ತೋರಿಸಿ, “ಆರಾಮ ಅದ ಅಂತ ಗುಳಿಗಿ ಬಿಡಬ್ಯಾಡ್ರಿ,” ಎಂದು ಹೇಳುತ್ತಿದ್ದರಂತೆ. ನನ್ನ ಬೈಗುಳಕ್ಕಿಂತ ಅವರ ಕೈಯ ಮಾತು ಜನಕ್ಕೆ ನಾಟಿತು.

ನಾರಾಯಣಖೇಡಕ್ಕೆ ವರ್ಗವಾಗಿ ಹೋದಾಗ ಅಲ್ಲಿದ್ದವರು ಡಾಕ್ಟರ್ ಖಾದ್ರಿ. ಹೈದರಾಬಾದಿನವರು, ಎತ್ತರದ ಆಳು, ಮಾತು ಕಡಿಮೆ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು, ನಗು ಬಂದರೂ ಅದೇ. ಹಾಗಾಗಿ ಯಾವುದು ಸಿಟ್ಟು, ಯಾವುದು ನಗು ಎಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ನನ್ನ ನೌಕರಿಯ ದೊಡ್ಡ ಭಾಗ್ಯ ಅಂದರೆ ಅವರ ಕೈಕೆಳಗೆ ದುಡಿದದ್ದು.

ಮನೂರ್ ಕಡೆಯ ಒಂದು ಹಳ್ಳಿಯಿಂದ ಸಂಗಮ್ಮನನ್ನು ಎತ್ತಿನ ಬಂಡಿಯಲ್ಲಿ ತಂದು ಹಾಕಿದ್ದು ಅಲ್ಲಿಗೇ. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಕಾಲು ಎರಡೂ ಬಾತಿದ್ದವು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆಳ್ಳಿಯ ಕಾಲ್ಗಡಗ ಮಾಂಸದಲ್ಲಿ ಹೂತುಹೋಗಿತ್ತು. ಸಾಬೂನು, ಎಣ್ಣೆ ಎರಡೂ ಹಚ್ಚಿ ಜಾರಿಸಿ ತೆಗೆಯಬೇಕಾಯಿತು. ಸಣ್ಣವಳಿದ್ದಾಗ ಕೀಲು ಹಿಡಿಯುವ ಜ್ವರ ಬಂದು ಹೋಗಿತ್ತು, ಅದು ಎದೆಯನ್ನು ಕೆಡಿಸಿತ್ತು. ಖಾದ್ರಿ ಸಾಹೇಬರು ಹೇಳಿದ್ದನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ, “ಎದಿಯೊಳಗ ರಕ್ತ ಹೋಗೂ ಬಾಗಿಲ ಸರಿ ತೆರಿಯಂಗಿಲ್ಲವ್ವ. ಅದಕ ನೀರು ಹಿಂದ ನಿಂತು ಕಾಲಿಗಿಳೀತದ.”

ಔಷಧ ಎರಡು ತರಹದ್ದು. ಒಂದು ಎದೆಯ ಗುಳಿಗೆ. ಇನ್ನೊಂದು ನೀರಿನ ಗುಳಿಗೆ. ಅದನ್ನು ನುಂಗಿದರೆ ಮೈಯಲ್ಲಿ ನಿಂತ ನೀರು ಮೂತ್ರವಾಗಿ ಹೋಗುತ್ತದೆ. ಅದರ ಜತೆಗೆ, ಆ ಕೀಲಿನ ಜ್ವರ ಮತ್ತೆ ಬಾರದಂತೆ, ಮೂರು ವಾರಕ್ಕೊಮ್ಮೆ ದವಾಖಾನೆಗೆ ಬಂದು ಸೂಜಿ ಹಾಕಿಸಿಕೊಳ್ಳಬೇಕು. ಊಟದಲ್ಲಿ ಉಪ್ಪು ಬಿಡಬೇಕು.

ಉಪ್ಪಿನ ಮಾತು ಕೇಳಿ ಅವಳ ಅತ್ತೆ ಭೀಮಬಾಯಿ ತಲೆ ಕೊಡವಿದರು. ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಳೆ ನಂಬಿದ ತೊಗರಿ, ಜೋಳದ ಹೊಲವನ್ನು ಒಬ್ಬರೇ ಹಿಡಿದು ನಿಂತವರು. ಮಗ ಮಾರುತಿ ತಾಯಿಯ ಎದುರು ಬಾಯಿ ಬಿಡುವವನಲ್ಲ.

“ಇಕಿಗೊಂದು ಒಲಿ, ನಮಗೊಂದು ಒಲಿ ಹಚ್ಚಾಕ ಆಗಂಗಿಲ್ರಿ,” ಎಂದರು ಭೀಮಬಾಯಿ.

“ಎರಡ ಒಲಿ ಯಾರ್ ಹಚ್ಚಂದ್ರು?” ಎಂದೆ ನಾನು. “ಜ್ವಾಳದ ರೊಟ್ಟಿಗಿ ಉಪ್ಪ ಹಾಕ್ತೀರೇನು?”

“ಇಲ್ಲ.”

“ಮತ್ತ ಅರ್ಧ ಊಟ ಆತಲ್ಲ. ಬ್ಯಾಳಿ ಕುದ್ದ ಮ್ಯಾಲ ಉಪ್ಪ ಹಾಕೂಕಿಂತ ಮೊದಲ ಒಂದ್ ಬಟ್ಟಲ ತೆಗೆದಿಡ್ರಿ. ಪುಂಡಿಪಲ್ಯಾನೂ ಹಂಗ. ಹುಳಿ ಇದ್ದಲ್ಲಿ ಉಪ್ಪಿಲ್ಲಂದ್ರೂ ಬಾಯಿಗಿ ಹತ್ತತದ.”

ಆಮೇಲೆ ಅವರು ವಾರ್ಡಿನ ಹೊರಗೆ ನನ್ನನ್ನು ನಿಲ್ಲಿಸಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ನರ್ಸಬಾಯಿ, ದವಾಖಾನಿ ತಿರಗಿ ತಿರಗಿ ಸಾಕಾಗ್ಯಾದ. ಇನ್ನೊಮ್ಮೆ ಇಕಿ ಹಿಂಗ ಬಿದ್ಲಂದ್ರ ಇಕಿ ಅಣ್ಣನ ಮನಿಗಿ ಬಿಟ್ಟು ಬರ್ತೀವ್ರಿ. ಕೂಸು ನಮ್ಮ ಮನೀದು, ಅದು ನಮ್ಮ ಹತ್ರಾನೇ ಇರ್ತದ.”

ಸಂಗಮ್ಮನಿಗೆ ಇನ್ನೂ ಎದೆಹಾಲು ಬಿಡದ ಮಗಳಿದ್ದಳು. ಅತ್ತೆ ಅಂದದ್ದು ಅವಳಿಗೂ ಕೇಳಿಸಿತ್ತು. ರಾತ್ರಿ ಪಾಳಿ ಮುಗಿಸಿ ಹೊರಟ ನನ್ನ ಸೆರಗು ಹಿಡಿದು, “ಕೂಸಿನ್ನ ಬಿಟ್ಟು ನಾ ಹ್ಯಾಂಗಿರ್ಲಿರಿ? ಏನ್ ಬೇಕಾದ್ರೂ ಮಾಡ್ತೀನಿ, ಬೀಳದಂಗ ಮಾಡ್ರಿ ನನ್ನ,” ಅಂದಳು. ಬೀಳದ ಹಾಗೆ ಮಾಡುವುದು ನನ್ನ ಕೈಯಲ್ಲಿ ಎಲ್ಲಿತ್ತು? ಆಯಿತು ಎಂದೆ. ಹಾಗೆ ಅನ್ನದೇ ಇರಲಾಗಲಿಲ್ಲ.

ಬಾವು ಇಳಿದು ಮನೆಗೆ ಹೋದಳು. ಹೋಗುವಾಗ ಕಡಗ ಮತ್ತೆ ಹಾಕಿಕೊಂಡಳು. ಮುಂದಿನ ಸಲ ಬಂದಾಗ ತಾನಾಗಿಯೇ ಹೇಳಿದಳು, “ಸಂಜೀಕ ಕಡಗ ತಿರಿಗಿಸಿ ನೋಡ್ತೀನ್ರಿ. ತಿರಗಿದ್ರ ಆರಾಮ. ತಿರಗವಲ್ದು ಅಂದ್ರ ನೀರು ತುಂಬ್ಯಾದ.” ಕೇಳಿ ಖುಷಿಯಾಯಿತು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಆದರೆ ಸೂಜಿಗೆಂದು ಬಂದಾಗಲೆಲ್ಲ ಅವಳ ಕಾಲು ಬಾತೇ ಇರುತ್ತಿದ್ದವು. ಖಾದ್ರಿ ಸಾಹೇಬರು ಹೆಬ್ಬೆರಳಿನಿಂದ ಒತ್ತಿ ನೋಡುವರು, ಕುಳಿ ಬೀಳುವುದು. “ಪೂಛೋ ಸಿಸ್ಟರ್, ದವಾ ಲೇತೀ ಕ್ಯಾ?” ಅನ್ನುವರು. ನಾನು ಅದನ್ನು ಕನ್ನಡಕ್ಕೆ ತಿರುಗಿಸುವೆ, “ಗುಳಿಗಿ ತಗೊಂಡಿಯೇನವ್ವ?” ಸಂಗಮ್ಮ, “ತಗೊಂಡೀನ್ರಿ,” ಅನ್ನುವಳು. ಔಷಧ ತೆಗೆದುಕೊಂಡೂ ಬಾವು ಇಳಿಯುತ್ತಿಲ್ಲ ಎಂದಮೇಲೆ ಡಾಕ್ಟರ್ ಆದವರು ಇನ್ನೇನು ಮಾಡುತ್ತಾರೆ? ನೀರಿನ ಗುಳಿಗೆ ಅರ್ಧ ಇದ್ದದ್ದು ಒಂದಾಯಿತು, ಒಂದು ಎರಡಾಯಿತು.

ಕಳೆ ತೆಗೆಯುವ ದಿನಗಳಲ್ಲಿ ಸಂಗಮ್ಮ ಹೊಲದಲ್ಲೇ ಕುಸಿದಳು. ಈ ಸಲ ತಂದಾಗ ನೋಟವೇ ಬೇರೆ ಇತ್ತು. ಬಾವಿನ ಸುದ್ದಿಯೇ ಇಲ್ಲ. ನಾಲಿಗೆ ಒಣಗಿತ್ತು, ಮೀನಖಂಡ ಸೆಳೆದು ಹಿಡಿದಿದ್ದವು, ಎದ್ದು ನಿಂತರೆ ಕಣ್ಣು ಕತ್ತಲೆ. ಕಡಗ ಕಾಲಿನಲ್ಲಿ ಸಡಿಲಾಗಿ ಆಡುತ್ತಿತ್ತು. ಭೀಮಬಾಯಿ ಅವಳ ಎರಡು ಸೀರೆಗಳ ಗಂಟನ್ನೂ ಬಂಡಿಯಲ್ಲಿ ಹಾಕಿಕೊಂಡೇ ಬಂದಿದ್ದರು. “ಇಲ್ಲಿಂದ ಹಂಗೇ ಅಣ್ಣನ ಮನಿಗಿ,” ಅಂದರು. ಮಾರುತಿ ಬಂಡಿಯ ಗಾಲಿ ನೋಡುತ್ತ ನಿಂತಿದ್ದ. ಕೂಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು.

ಖಾದ್ರಿ ಸಾಹೇಬರು ನೀರಿನ ಗುಳಿಗೆ ನಿಲ್ಲಿಸಿದರು. ಮೈಗೆ ನೀರು, ಉಪ್ಪಿನಂಶ ಕೊಡಿಸಿದರು. ಸಂಗಮ್ಮ ಚೇತರಿಸಿಕೊಂಡಳು. ಆದರೆ ಸಾಹೇಬರಿಗೆ ಸಮಾಧಾನವಿಲ್ಲ. “ನನ್ನ ಹತ್ತಿರ ಬಂದಾಗ ನೀರು ತುಂಬಿರುತ್ತದೆ, ಮನೆಯಲ್ಲಿ ಒಣಗಿ ಬೀಳುತ್ತಾಳೆ. ಇದರಲ್ಲಿ ಯಾವುದು ನಿಜ?” ಎಂದು ನನ್ನನ್ನೇ ಕೇಳಿದರು. ನನಗೇನು ಗೊತ್ತು? ನಾನು ಹೋಗಿ ಮತ್ತೆ ಅದೇ ಪ್ರಶ್ನೆ ಕೇಳಿದೆ, ಮತ್ತೆ ಅದೇ ಉತ್ತರ ಬಂತು.

ಮನೆಗೆ ಕಳಿಸುವ ದಿನ ಬೆಳಗ್ಗೆ ಕಡಿಮೆ ಪ್ರಮಾಣದ ನೀರಿನ ಗುಳಿಗೆಯನ್ನು ಅವಳ ಅಂಗೈಗೆ ಹಾಕಿ ಆಚೆ ಹಾಸಿಗೆಗೆ ಹೋದೆ. ತಿರುಗಿ ಬಂದು, “ತಗೊಂಡಿ?” ಅಂದೆ. “ತಗೊಂಡೆ,” ಅಂದಳು. ಅನ್ನುವಾಗ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಗಂಟಿನಲ್ಲಿ ಗುಳಿಗೆ.

“ಇದೇನವ್ವ, ತಗೊಂಡೆ ಅಂದಿ?”

“ತಗೊಂಡೀನಲ್ರಿ. ನೀವು ಕೊಟ್ರಿ, ನಾ ತಗೊಂಡೆ.”

“ನುಂಗಿದೇನು?”

“ಇಲ್ರಿ.”

“ಯಾಕ?”

ಸಂಗಮ್ಮ ತಲೆ ತಗ್ಗಿಸಿದಳು. ಪಕ್ಕದ ಹಾಸಿಗೆಯವಳು ಅತ್ತ ತಿರುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು, “ಇವತ್ತ ಬಸ್ಸಿನ್ಯಾಗ ಹೋಗ್ಬೇಕಲ್ರಿ. ಇದು ನುಂಗಿದ್ರ ಗಳಿಗಿ ಗಳಿಗೀಕ ಏಳ್ಬೇಕು. ಬಸ್ ಎಲ್ಲಿ ನಿಲ್ತದ? ಗಂಡಸರ ಮುಂದ ಹ್ಯಾಂಗ ಕೇಳ್ಲಿ?”

ಆಗ ಒಂದೊಂದೇ ಹೊರಗೆ ಬಂತು. ದವಾಖಾನೆಗೆ ಬರುವ ದಿನ ನುಂಗುತ್ತಿರಲಿಲ್ಲ. ಹಿಂದಿನ ದಿನವೂ ನುಂಗುತ್ತಿರಲಿಲ್ಲ, ರಾತ್ರಿಯೆಲ್ಲ ಎದ್ದೆದ್ದು ನಸುಕಿನ ಬಸ್ಸು ತಪ್ಪೀತೆಂಬ ಭಯ. ಎರಡು ದಿನ ಗುಳಿಗೆ ಇಲ್ಲ, ಮೇಲೆ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ನಮ್ಮ ಮುಂದೆ ನಿಲ್ಲುವಾಗ ಕಾಲು ಬಾತಿರದೇ ಇನ್ನೇನಾಗುತ್ತದೆ? ಆ ಬಾವು ನೋಡಿ ನಾವು ಪ್ರಮಾಣ ಏರಿಸಿದೆವು. ಊರಿಗೆ ಹೋಗಿ ಅವಳು ಏರಿಸಿದ್ದನ್ನು ಒಂದು ದಿನವೂ ತಪ್ಪಿಸದೆ ನುಂಗಿದಳು, ಒಣಗಿ ಬಿದ್ದಳು. ಅವಳು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಗುಳಿಗೆ ತಗೊಂಡಿಯಾ ಅಂದರೆ ತಗೊಂಡೆ ಅಂದಿದ್ದಳು, ಅಷ್ಟೇ. ನಮ್ಮ ಮಾತಿನಲ್ಲಿ ಕೊಟ್ಟದ್ದನ್ನು ಇಸಿದುಕೊಂಡರೂ ತಗೊಂಡೆ, ನುಂಗಿದರೂ ತಗೊಂಡೆ.

ಖಾದ್ರಿ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಅಂದು ಅದು ನಗುವೂ ಅಲ್ಲ, ಸಿಟ್ಟೂ ಅಲ್ಲ. “ನಾನು ಅವಳ ಕಾಲು ನೋಡಿದೆ ಸಿಸ್ಟರ್, ಬಸ್ಸು ನೋಡಲಿಲ್ಲ,” ಅಂದರು. ನೇರ ಎದ್ದು ಹೋಗಿ, ಗಂಟು ಹಿಡಿದು ಕೂತಿದ್ದ ಭೀಮಬಾಯಿಯ ಮುಂದೆ ನಿಂತರು. ತಪ್ಪು ನಿಮ್ಮ ಸೊಸೆಯದಲ್ಲ, ನಮ್ಮ ಔಷಧದ ಅಳತೆಯದು, ಸುಗ್ಗಿ ಮುಗಿಯುವ ತನಕ ಇವಳನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿ ಎಂದು ಕೇಳಿಕೊಂಡರು. ಸರಕಾರಿ ಡಾಕ್ಟರ್ ಒಬ್ಬರು ಹಳ್ಳಿಯ ಹೆಂಗಸಿನ ಮುಂದೆ ಹಾಗೆ ನಿಂತದ್ದನ್ನು ನಾನು ಮೊದಲು ನೋಡಿರಲಿಲ್ಲ. ಅವರ ಮಾತನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ.

“ಸುಗ್ಗಿ ತನಕ ನೋಡ್ತೀನ್ರಿ,” ಎಂದರು ಭೀಮಬಾಯಿ. “ಮತ್ತ ಬಿದ್ಲಂದ್ರ ಮಾತಿಲ್ಲ.”

ಬರೇ ಪ್ರಮಾಣ ಇಳಿಸಿ ಕಳಿಸಿದರೆ ಮತ್ತೊಂದು ಕಡೆ ಎಡವುತ್ತಾಳೆ, ಮದುವೆಗೆ ಹೋಗುತ್ತಾಳೆ, ಸಂತೆಗೆ ಹೋಗುತ್ತಾಳೆ, ಎಲ್ಲದಕ್ಕೂ ನಮ್ಮನ್ನು ಕೇಳಲು ಆಗುತ್ತದೆಯೇ ಎಂದರು ಸಾಹೇಬರು. ಅವಳಿಗೆ ನಾಲ್ಕು ಮಾತು ಕಲಿಸಲು ಹೇಳಿದರು. ಎದೆಯ ಗುಳಿಗೆಗೆ ಎಂದೂ ಕೈ ಹಚ್ಚುವಂತಿಲ್ಲ, ದಿನಾ ಅಷ್ಟೇ. ನೀರಿನ ಗುಳಿಗೆ ಮಾತ್ರ, ಸಂಜೆ ಕಡಗ ತಿರುಗದಿದ್ದರೆ ಮರುದಿನ ಅರ್ಧ ಹೆಚ್ಚು, ಕಾಲು ಸೆಳೆದು ಬಾಯಿ ಒಣಗಿದರೆ ಅರ್ಧ ಕಡಿಮೆ. ಮಲಗಿದಾಗ ಉಸಿರು ಸಿಗಲಿಲ್ಲ ಅಂದರೆ ಯಾರನ್ನೂ ಕಾಯದೆ ದವಾಖಾನೆಗೆ. ಪ್ರಯಾಣದ ದಿನ ಗುಳಿಗೆ ಬಿಡುವುದಲ್ಲ, ಊರು ಮುಟ್ಟಿದ ಮೇಲೆ ನುಂಗುವುದು.

ನಾನು ಹೇಳುತ್ತ ಹೋದೆ, ಅವಳು ಹೂಂ ಹೂಂ ಅನ್ನುತ್ತ ಹೋದಳು. ಸಾಹೇಬರು ತಡೆದರು. ನೀನು ಹೇಳಬೇಡ, ಅವಳ ಬಾಯಿಂದ ಹೇಳಿಸು ಎಂದರು. ಇಂದು ಇದನ್ನೆಲ್ಲ ತರಬೇತಿಯಲ್ಲಿ ಪಾಠ ಮಾಡಿ ಕಲಿಸುತ್ತಾರೆ. ನನಗೆ ಅಂದು ಅದು ವಿಚಿತ್ರ ಅನಿಸಿತು.

“ನಾ ಓದಿದಾಕಿ ಅಲ್ರಿ,” ಅಂದಳು ಸಂಗಮ್ಮ. “ನನ್ನ ಮನಸಿಲೆ ಹೆಚ್ಚು ಕಮ್ಮಿ ಮಾಡ್ಲೇನು? ತಪ್ಪಾದ್ರ?”

“ನಾಕ ಮಂದಿ ಅಡಗಿಗಿ ಎಷ್ಟು ಉಪ್ಪ, ಹತ್ತು ಮಂದಿಗಿ ಎಷ್ಟು ಅಂತ ಓದಿ ಕಲ್ತಿಯೇನು?” ಎಂದೆ ನಾನು.

ಸಂಗಮ್ಮ ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ನಾಲ್ಕೂ ಮಾತನ್ನು ತನ್ನ ರೀತಿಯಲ್ಲಿ ಹೇಳಿದಳು. ಎರಡು ಸಲ ತಪ್ಪಿದಳು, ಮೂರನೆಯ ಸಲ ಗಟ್ಟಿಯಾಗಿ ಹೇಳಿದಳು.

ಮುಂದಿನ ಸೂಜಿಗೆ ಬಂದಾಗ ಮುಖದಲ್ಲಿ ನಾಚಿಕೆ, ಅದರೊಳಗೆ ಏನೋ ಹುರುಪು. ಹಿಂದಿನ ಸಂಜೆ ಕಡಗ ಬಿಗಿಯಾಗಿತ್ತಂತೆ, ಅದಕ್ಕೆ ಬಸ್ಸಿನ ದಿನವಾದರೂ ಊರು ಮುಟ್ಟುವ ತನಕ ಕಾಯದೆ ನಸುಕಿನಲ್ಲೇ ಗುಳಿಗೆ ನುಂಗಿದ್ದಳು. ಅರ್ಧ ದಾರಿಗೆ ತಡೆಯಲಾಗಲಿಲ್ಲ.

“ಮತ್ತ ಏನ್ ಮಾಡ್ದಿ?”

“ಎದ್ದು ನಿಂತೆ. ಕಂಡಕ್ಟರಗ ಬಸ್ ನಿಲ್ಸು ಅಂದೆ. ಯಾಕ ಅಂದ. ಕೆಲಸ ಅದ, ನಿಲ್ಸು ಅಂದೆ. ಗೊಣಗಿಕೋತ ಸೀಟಿ ಊದ್ದ. ಮಂದಿ ಎಲ್ಲಾ ನೋಡಿದ್ರು. ನೋಡ್ಲಿ ಅಂತ ಇಳದೆ.” ಸೆರಗು ಸರಿಪಡಿಸಿಕೊಂಡು, “ನಾ ಇಳದ ಮ್ಯಾಲ ಇನ್ನಿಬ್ರು ಹೆಣ್ಮಕ್ಕಳೂ ಇಳದ್ರು ರೀ,” ಅಂದಳು.

ಅಂದು ಅವಳ ಕಾಲು ಒತ್ತಿ ನೋಡಿದಾಗ ಕುಳಿ ಬೀಳಲಿಲ್ಲ. ಸಾಹೇಬರಿಗೆ ಬಸ್ಸಿನ ಕಥೆ ಹೇಳಿದೆ. ಕನ್ನಡಕ ಒರೆಸಿದರು, ಈ ಸಲ ನಗುವೇ.

ಸುಗ್ಗಿ ಮುಗಿಯಿತು. ಭೀಮಬಾಯಿ ಅಣ್ಣನ ಮನೆಯ ಮಾತು ಎತ್ತಲಿಲ್ಲ, ಇಟ್ಟುಕೊಳ್ಳುತ್ತೇವೆ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಸಂಗಮ್ಮನಿಗೆ ಆ ಭಯ ಒಳಗೆ ಇದ್ದೇ ಇತ್ತು. ಅಷ್ಟರಲ್ಲಿ ಖಾದ್ರಿ ಸಾಹೇಬರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಯುವ ಡಾಕ್ಟರ್ ತೆಲುಗಿನವರು, ಕೆಟ್ಟವರಲ್ಲ. ಆದರೆ ರೋಗಿ ತಾನೇ ಪ್ರಮಾಣ ಏರಿಸಿ ಇಳಿಸುವುದು ಎಂದರೆ ಅವರಿಗೆ ಭಯ. ಇದನ್ನು ಯಾರು ಕಲಿಸಿದ್ದು ಎಂದರು. ನಾನು ವಾದ ಮಾಡಿದೆ. “ಸಿಸ್ಟರ್, ನೀವು ಡಾಕ್ಟರಾ?” ಎಂದರು. ನಾನು ಔಷಧದ ಚೀಟಿ ಎತ್ತಿಕೊಂಡು ಹೊರಗೆ ಬಂದೆ. ಕೆಲವೇ ತಿಂಗಳಿಗೆ ನನಗೂ ತಾಂಡೂರಿಗೆ ವರ್ಗದ ಆದೇಶ ಬಂತು.

ಕೊನೆಯ ದಿನ ಸಂಗಮ್ಮ ಬಂದಿದ್ದಳು. “ಇನ್ನ ನಾ ಯಾರನ್ನ ಕೇಳ್ಲಿರಿ?” ಅಂದಳು. ನಿನಗೆ ಗೊತ್ತಿದೆ ಎಂದು ಹೇಳಬೇಕಿತ್ತು. ಬದಲಿಗೆ ಅವಳ ಕೈ ಹಿಡಿದು ನಿಂತುಕೊಂಡೆ.

ತಾಂಡೂರು ಕಲ್ಲಿನ ಊರು. ಗಣಿಯ ಧೂಳು ಅಂಗಳದ ತುಳಸಿಯ ಮೇಲೂ ಕೂರುತ್ತಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಕಾಲ ಬದಲಾಗಿತ್ತು. ಬಿ.ಪಿ. ಯಂತ್ರ ನಮ್ಮ ಕೈಗೆ ಬಂದಿತ್ತು. ಮೊದಲ ದಿನ ಅದರ ರಬ್ಬರ್ ಚೆಂಡು ಹಿಚುಕುವಾಗ ನನ್ನದೇ ಎದೆ ಡವಗುಟ್ಟಿತು. ಗುಳಿಗೆ ಕೇಳುವ ರೀತಿಯನ್ನೂ ಬದಲಿಸಿದ್ದೆ. ತಗೊಂಡಿಯಾ ಎಂದು ಕೇಳುವುದನ್ನು ಬಿಟ್ಟೆ. ಯಾವಾಗ ನುಂಗಿದಿ, ಏನು ಉಂಡ ಮೇಲೆ ನುಂಗಿದಿ, ನುಂಗದ ದಿನ ಯಾವುದು ಎಂದು ಕೇಳುತ್ತಿದ್ದೆ. ನುಂಗದ ದಿನ ಇದ್ದೇ ಇರುತ್ತದೆ ಎಂದು ನಾನೇ ಒಪ್ಪಿಕೊಂಡ ಹಾಗೆ ಕೇಳಿದರೆ ಜನಕ್ಕೆ ಹೇಳಲು ಹಗುರವಾಗುತ್ತಿತ್ತು.

ಆದರೂ ಮೋಸ ಹೋಗುವುದು ತಪ್ಪಲಿಲ್ಲ. ಯಾಲಾಲ್ ಕಡೆಯ ಒಬ್ಬ ರೈತರು, ಬಸಣ್ಣ ಎಂದು, ಬಿ.ಪಿ. ಗುಳಿಗೆಯನ್ನು ತಪ್ಪದೆ ಒಯ್ಯುವವರು. ತಿಂಗಳಿಗೆ ಕೊಟ್ಟದ್ದು ಹತ್ತೇ ದಿನಕ್ಕೆ ಖಾಲಿಯಾಗುತ್ತಿತ್ತು, ಬಿ.ಪಿ. ಮಾತ್ರ ಇಳಿಯುತ್ತಿರಲಿಲ್ಲ. ಕೆದಕಿ ಕೇಳಿದೆ.

“ಮನ್ಯಾಗ ಎಲ್ಲಾರಿಗೂ ಕೊಡ್ತೀನ್ರಿ,” ಎಂದರು. “ಆಕಿಗೂ ತಲಿ ನೋಯ್ತದ, ತಮ್ಮಗೂ ನೋಯ್ತದ. ಎಲ್ಲಾರ ಮುಂದ ಕೂತು ನಾ ಒಬ್ಬನೇ ಹ್ಯಾಂಗ ತಿನ್ಲಿ?”

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಊಟದಲ್ಲಿ ಬಂದವರನ್ನು ಬಿಟ್ಟು ಉಣ್ಣದ ಜನ, ಔಷಧದಲ್ಲೂ ಪಂಕ್ತಿಭೇದ ಮಾಡಿರಲಿಲ್ಲ. ಕೊನೆಗೆ ಅವರ ಹೆಂಡತಿ, ತಮ್ಮ ಇಬ್ಬರನ್ನೂ ಕರೆಸಿ ಬಿ.ಪಿ. ನೋಡಿ, ನಿಮಗೆ ಬೇಡ, ಅವರಿಗೆ ಬೇಕು ಎಂದು ಎಲ್ಲರ ಎದುರು ಹೇಳಿದ ಮೇಲೆಯೇ ಬಸಣ್ಣ ಸಂಕೋಚ ಬಿಟ್ಟು ಒಬ್ಬರೇ ನುಂಗತೊಡಗಿದ್ದು. ಅವರ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸೇ ಬರಲಿಲ್ಲ.

ಈ ನಡುವೆ ಸಂಗಮ್ಮನ ಸುದ್ದಿ ತಿಳಿಯಲಿಲ್ಲ. ಮನೂರ್ ಕಡೆಯವರು ಸಿಕ್ಕರೆ ಕೇಳುತ್ತಿದ್ದೆ, ಗೊತ್ತಿಲ್ಲ ಎನ್ನುತ್ತಿದ್ದರು. ಅವಳ ರೋಗದವರು ಬಹಳ ವರ್ಷ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಣ್ಣನ ಮನೆಗೆ ಕಳಿಸಿರಬಹುದು ಎಂದೂ ಅನಿಸುತ್ತಿತ್ತು. ಕೇಳುವುದನ್ನೇ ಬರಬರುತ್ತ ಕಡಿಮೆ ಮಾಡಿದೆ. ಕೆಟ್ಟ ಸುದ್ದಿ ಕೇಳಲು ಧೈರ್ಯವಿರಲಿಲ್ಲ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಒಂದು ದಿನ ಹೊರರೋಗಿಗಳ ಸಾಲು ಕರಗಿದ ಮೇಲೆ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಮುದುಕಿಯೊಬ್ಬರು ಇನ್ನೊಬ್ಬಳ ಹೆಗಲ ಮೇಲೆ ಕೈ ಊರಿದ್ದರು. ಆ ಇನ್ನೊಬ್ಬಳು ಸಂಗಮ್ಮ. ಕೂದಲು ಅಲ್ಲಲ್ಲಿ ನರೆತಿತ್ತು, ಮೈ ತೆಳ್ಳಗಾಗಿತ್ತು, ಆದರೆ ನಿಂತ ರೀತಿಯಲ್ಲಿ ದಣಿವಿರಲಿಲ್ಲ. ಎದ್ದು ಹೋಗಿ ಅವಳನ್ನು ತಬ್ಬಿಕೊಂಡೆ, ಸುತ್ತಲಿನವರು ನೋಡಿದರೆ ನೋಡಲಿ ಎಂದು.

“ಮಗಳಿಗಿ ಇದೇ ತಾಂಡೂರಿಗಿ ಕೊಟ್ಟೀವ್ರಿ,” ಅಂದಳು. “ನೀವು ಇಲ್ಲೇ ಅದೀರಿ ಅಂತ ತಿಳೀತು.”

“ಏನರ ಕೇಳೂದಿತ್ತೇನವ್ವ?”

“ಕೇಳಾ‌ಕ ಬಂದಿಲ್ರಿ, ಹೇಳಾಕ ಬಂದೀನಿ.”

ಬೆಂಚಿನ ಮೇಲೆ ಕೂತು ಹೇಳಿದಳು. ನಾನು ತಾಂಡೂರಿಗೆ ಬಂದ ಮೇಲೆ ಒಂದು ವರ್ಷ ಮಳೆ ಹಿಡಿದು ಹಳ್ಳ ತುಂಬಿತ್ತಂತೆ. ಬಸ್ಸು ನಿಂತಿತ್ತು. ಕಾಲು ಬಾತವು. ಅರ್ಧ ಹೆಚ್ಚು ನುಂಗಿದಳು, ಎದೆಯ ಗುಳಿಗೆ ಮುಟ್ಟಲಿಲ್ಲ. ಬಾವು ಇಳಿಯಿತು. ಮತ್ತೊಂದು ಸಲ ಮಲಗಿದಾಗ ಉಸಿರು ಹಿಡಿಯಿತು. ಬೆಳಗಾಗಲಿ ನೋಡೋಣ ಎಂದ ಗಂಡನಿಗೆ, ನೋಡೋದು ಏನಿಲ್ಲ, ಈಗಲೇ ಬಂಡಿ ಹೂಡು ಎಂದಳು. ಹಾಗೆ ಹೊತ್ತಿಗೆ ಸರಿಯಾಗಿ ಹೋದದ್ದಕ್ಕೆ ಬದುಕಿದಳು. ಇದನ್ನೆಲ್ಲ ನಿನ್ನೆಯ ಅಡಿಗೆಯ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದಳು. ಖಾದ್ರಿ ಸಾಹೇಬರು ಇದನ್ನು ಕೇಳಬೇಕಿತ್ತು ಎಂದು ನನಗೆ ಅನಿಸಿತು. ಅವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ನನಗೆ ತಿಳಿಯದು. ಇದ್ದಲ್ಲಿಗೆ ನನ್ನ ಶರಣು.

ಜತೆಗೆ ಬಂದ ಆ ಮುದುಕಿ ಭೀಮಬಾಯಿಯೇ. ಸೊಸೆಯ ಮಾತು ಮುಗಿದ ಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ನನಗ ಬಿ.ಪಿ. ಅದ ಅಂತ ನಾರಾಯಣಖೇಡದಾಗ ಹೇಳ್ಯಾರ್ರಿ. ಗುಳಿಗಿ ಕೊಟ್ಟಾರ. ನನಗೇನೂ ಆಗಿಲ್ಲ, ಆರಾಮ ಅದೀನಿ. ಜಲ್ಮ ಇರೋತನಕ ನುಂಗ್ಬೇಕು ಅಂತಾಳ ಇಕಿ. ಖರೆ ಏನ್ರಿ ನರ್ಸಬಾಯಿ? ನೀವು ಹೇಳಿದ್ರ ನಂಬತೀನಿ.”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷ ಅದನ್ನೇ ತಾನೇ ಹೇಳುತ್ತ ಬಂದದ್ದು. ಸಂಗಮ್ಮನ ಕಡೆ ನೋಡಿದೆ. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದಳು.

“ನಾ ಹೇಳಂಗಿಲ್ರಿ,” ಎಂದೆ. “ಇದರಾಗ ನನಗಿಂತ ನಿಮ್ಮ ಸೊಸಿ ಮಾತು ಗಟ್ಟಿ. ಆಕಿನ್ನೇ ಕೇಳ್ರಿ.”

ಭೀಮಬಾಯಿ ಮೊಣಕಾಲು ಹಿಡಿದುಕೊಂಡು, ಬೆಂಚಿನ ಮೇಲೆ ಪೂರ್ತಿ ಸೊಸೆಯ ಕಡೆಗೆ ತಿರುಗಿ ಕೂತರು.

“ಹೇಳವ್ವ,” ಎಂದರು. “ನಾ ಹ್ಯಾಂಗ ಮಾಡ್ಲಿ?”